ಹಳೆಯ ಫೋರ್ಡ್ ವಿ8ರ ಪೆಟ್ರೋಲ್ ಗೇಜ್: ಕೆಂಪು ದ್ರವ ಮೇಲೇಳದಿದ್ದರೆ ಎಲ್ಲಿಂದ ಹುಡುಕಬೇಕು

1932ರಿಂದ 1934ರವರೆಗಿನ ಫೋರ್ಡ್ ಕಾರುಗಳಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವುದು ಮುಳ್ಳಲ್ಲ, ಗಾಜಿನ ಸಪೂರ ನಳಿಕೆಯೊಳಗೆ ಏರಿ ಇಳಿಯುವ ಕೆಂಪು ದ್ರವ. ಗೇಜಿನ ಬೆನ್ನಿಗೆ ವೈರು ಇರುವುದಿಲ್ಲ. ಬ್ಯಾಟರಿ ಕಳಚಿಟ್ಟರೂ ಅದು ರೀಡಿಂಗ್ ತೋರಿಸುತ್ತಲೇ ಇರುತ್ತದೆ. ಅಮೆರಿಕದ ಮಿಶಿಗನ್ ರಾಜ್ಯದ ಕಿಂಗ್-ಸೀಲಿ ಕಂಪನಿಯ ಈ ಬಗೆಯ ಗೇಜು ಆ ಕಾಲದ ಹಡ್ಸನ್, ಎಸೆಕ್ಸ್, ಕ್ರೈಸ್ಲರ್ ಕಾರುಗಳಲ್ಲೂ ಇತ್ತು. ಹಾಗಾಗಿ ಇಲ್ಲಿರುವ ಪರೀಕ್ಷೆಗಳು ಅವುಗಳಿಗೂ ಹೊಂದುತ್ತವೆ. ನಿಮ್ಮ ಕಾರಿನ ಗೇಜಿಗೆ ವೈರು ಬಂದಿದ್ದರೆ ಯಾರೋ ಹಿಂದೆಯೇ ಅದನ್ನು ಬದಲಿಸಿ ವಿದ್ಯುತ್ ಗೇಜು ಕೂರಿಸಿದ್ದಾರೆ ಎಂದರ್ಥ. ಅದರ ದಾರಿ ಬೇರೆ.

ಈ ಗೇಜು ಕೆಟ್ಟಾಗ ಎಲ್ಲರೂ ಮೊದಲು ಕೈಹಾಕುವುದು ಡ್ಯಾಶ್‌ಬೋರ್ಡಿಗೆ. ಅದೇ ದೊಡ್ಡ ತಪ್ಪು. ಗಾಜು ಒಡೆಯುವುದು, ದ್ರವ ಚೆಲ್ಲುವುದು, ಸಿಗದ ಭಾಗವೊಂದು ಹಾಳಾಗುವುದು ಎಲ್ಲ ಅಲ್ಲೇ. ದೋಷ ಹೆಚ್ಚಾಗಿ ಇರುವುದು ಟ್ಯಾಂಕಿನಿಂದ ಡ್ಯಾಶ್‌ಬೋರ್ಡಿಗೆ ಬರುವ ಸಪೂರ ತಾಮ್ರದ ಪೈಪಿನಲ್ಲಿ. ಗೇಜು, ಪೈಪು, ಟ್ಯಾಂಕಿನ ಘಟಕ (ಟ್ಯಾಂಕಿನೊಳಗೆ ಇಳಿಬಿಟ್ಟ, ಗಾಳಿ ಹಿಡಿದಿಡುವ ಭಾಗ), ಈ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ತಪ್ಪು ಯಾವುದರಲ್ಲಿದೆ ಎಂದು ಖಚಿತವಾದ ಮೇಲೆಯೇ ಬಿಚ್ಚಬೇಕು.

ಬೋರಲು ಲೋಟದ ಲೆಕ್ಕ

ಇದಕ್ಕಿಂತ ಹಿಂದಿನ ಮಾಡೆಲ್ ಎ ಕಾರಿನಲ್ಲಿ ಟ್ಯಾಂಕು ಡ್ಯಾಶ್‌ಬೋರ್ಡಿನ ಬೆನ್ನಿಗೇ ಇತ್ತು. ಟ್ಯಾಂಕಿನೊಳಗೆ ಬೆಂಡು ತೇಲಿದಂತೆ ಎದುರಿನ ಅಂಕೆ ತಿರುಗುತ್ತಿತ್ತು. 1932ರಲ್ಲಿ ಟ್ಯಾಂಕು ಕಾರಿನ ಹಿಂಬದಿಗೆ ಹೋಯಿತು. ಅಷ್ಟು ದೂರದ ಮಟ್ಟವನ್ನು ಮುಂದೆ ಕುಳಿತವನಿಗೆ ತೋರಿಸಲು ಆಯ್ದುಕೊಂಡ ಉಪಾಯ ಗಾಳಿ.

ಬಕೆಟ್ ನೀರಿಗೆ ಲೋಟವನ್ನು ಬೋರಲಾಗಿ ಅದುಮಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆಳಕ್ಕೆ ಒತ್ತಿದಷ್ಟೂ ಆ ಗಾಳಿಯ ಒತ್ತಡ ಹೆಚ್ಚು. ಟ್ಯಾಂಕಿನ ತಳದ ಹತ್ತಿರ ಇಂಥದೇ ಒಂದು ಬೋರಲು ಬಟ್ಟಲಿದೆ. ಅದರ ನೆತ್ತಿಯಿಂದ ಹೊರಟ ತಾಮ್ರದ ಪೈಪು ಚೇಸಿಸ್ ಉದ್ದಕ್ಕೂ ಸಾಗಿ ಗೇಜಿನ ಹಿಂಬದಿ ಸೇರುತ್ತದೆ. ಗೇಜಿನಲ್ಲಿ ಹಿಂದೆ ಹಿತ್ತಾಳೆಯ ನಳಿಕೆ, ಮುಂದೆ ಗಾಜಿನ ನಳಿಕೆ. ಎರಡೂ ಕೆಳಗೆ ಕೂಡಿ ‘ಯು’ ಆಕಾರವಾಗುತ್ತವೆ. ಪೈಪಿನಿಂದ ಬಂದ ಗಾಳಿ ಹಿತ್ತಾಳೆ ನಳಿಕೆಯಲ್ಲಿರುವ ದ್ರವವನ್ನು ಅದುಮುತ್ತದೆ, ಗಾಜಿನ ನಳಿಕೆಯಲ್ಲಿ ಅದು ಮೇಲೇಳುತ್ತದೆ. ಗಾಜಿನ ನಳಿಕೆಯ ತುದಿ ಹೊರಗಾಳಿಗೆ ತೆರೆದಿರುತ್ತದೆ.

ಆ ಕೆಂಪು ದ್ರವ ಟೆಟ್ರಾಬ್ರೋಮೋಈಥೇನ್ ಎಂಬ ರಾಸಾಯನಿಕ; ಬಣ್ಣ ಬೆರೆಸಿದ್ದು. ಹಳೆಯ ಹೆಸರು ಅಸಿಟಿಲೀನ್ ಟೆಟ್ರಾಬ್ರೋಮೈಡ್. ಅದರ ಸಾಂದ್ರತೆ ಸುಮಾರು 2.96, ಅಂದರೆ ನೀರಿನ ಹೆಚ್ಚುಕಡಿಮೆ ಮೂರು ಪಟ್ಟು ಭಾರ. ಪೆಟ್ರೋಲಿನ ಸಾಂದ್ರತೆ ಸುಮಾರು 0.74. ಒಂದನ್ನೊಂದು ಭಾಗಿಸಿದರೆ ಸರಿಯಾಗಿ ಕಾಲು ಭಾಗ. ಟ್ಯಾಂಕಿನಲ್ಲಿ ಬಟ್ಟಲಿನ ಮೇಲೆ 20 ಸೆಂ.ಮೀ. ಪೆಟ್ರೋಲ್ ಇದ್ದರೆ ಗೇಜಿನಲ್ಲಿ ದ್ರವದ ಎರಡು ಮಟ್ಟಗಳ ಅಂತರ 5 ಸೆಂ.ಮೀ. ಆ ದ್ರವದ ಜಾಗಕ್ಕೆ ಬಣ್ಣದ ನೀರು ಹಾಕಿದರೆ ಅದೇ ಪೆಟ್ರೋಲಿಗೆ 15 ಸೆಂ.ಮೀ. ಏರಿ ನಳಿಕೆಯ ತುದಿಯಿಂದ ಹೊರಚೆಲ್ಲುತ್ತದೆ. ಪಾದರಸ ಹಾಕಿದರೆ 1 ಸೆಂ.ಮೀ. ಏರಿ ಅಲ್ಲೇ ನಿಲ್ಲುತ್ತದೆ. ಬ್ರೇಕ್ ಆಯಿಲ್ ಸುರಿದು ಗೇಜು ಸರಿಮಾಡಲು ಹೊರಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಇನ್ನೊಂದು ಅಂಕೆ ಮನಸ್ಸಿನಲ್ಲಿರಲಿ. 20 ಸೆಂ.ಮೀ. ಪೆಟ್ರೋಲಿನ ಒತ್ತಡ 15 ಸೆಂ.ಮೀ. ನೀರಿನ ಒತ್ತಡಕ್ಕೆ ಸಮ, ಅಂದರೆ 0.21 ಪಿಎಸ್‌ಐ. ಟೈರಿಗೆ 30 ಪಿಎಸ್‌ಐ ಗಾಳಿ ಹಿಡಿಸುತ್ತೇವೆ. ಈ ಗೇಜು ನಡೆಯುವುದು ಅದರ ನೂರನಲವತ್ತನೇ ಒಂದು ಪಾಲಿನಲ್ಲಿ. ಕೂದಲೆಳೆಯಷ್ಟು ಬಿರುಕು ಸಾಕು, ಒಂದು ರಾತ್ರಿಯಲ್ಲಿ ರೀಡಿಂಗ್ ಸೊನ್ನೆಗೆ ಬರುತ್ತದೆ.

ಸಿಕ್ಕಿಕೊಂಡ ಗಾಳಿ ಕಾಲಕ್ರಮೇಣ ಪೆಟ್ರೋಲಿನಲ್ಲಿ ಕರಗಿಹೋಗುತ್ತದೆ. ಅದನ್ನು ತುಂಬಿಕೊಡುವ ವ್ಯವಸ್ಥೆಯೂ ಟ್ಯಾಂಕಿನ ಘಟಕದಲ್ಲೇ ಇದೆ. ಕಾರು ಓಡುವಾಗ ಪೆಟ್ರೋಲ್ ಕುಲುಕಾಡಿ ಘಟಕದ ಮೇಲ್ಭಾಗದ ಪುಟ್ಟ ಕಪ್ಪಿಗೆ ಚಿಮ್ಮುತ್ತದೆ. ಅಲ್ಲಿಂದ ಸಣ್ಣ ಕೊಳವೆಯಲ್ಲಿ ಕೆಳಗಿಳಿಯುವಾಗ ಗಾಳಿಗುಳ್ಳೆಗಳನ್ನೂ ಜೊತೆಗೆ ಎಳೆದುಕೊಂಡು ಹೋಗಿ ಬಟ್ಟಲಿನೊಳಗೆ ಬಿಡುತ್ತದೆ. ಹೆಚ್ಚಾದ ಗಾಳಿ ಬಟ್ಟಲಿನ ಅಂಚಿನಿಂದ ಹೊರಬೀಳುತ್ತದೆ. ಅಂದರೆ ಓಡದೆ ನಿಂತ ಕಾರಿನ ಗೇಜು ನಿಧಾನವಾಗಿ ಕೆಳಗಿಳಿಯುವುದು ಸಹಜ. ತಿಂಗಳಾನುಗಟ್ಟಲೆ ಶೆಡ್ಡಿನಲ್ಲಿದ್ದ ಕಾರು ಸೊನ್ನೆ ತೋರಿಸಿದರೆ ಮೊದಲು ಅದನ್ನು ಹತ್ತು ಕಿಲೋಮೀಟರ್ ಓಡಿಸಿ. ಆಮೇಲೂ ಏಳದಿದ್ದರೆ ಮಾತ್ರ ಸ್ಪ್ಯಾನರ್ ಹಿಡಿಯಿರಿ.

ಲಕ್ಷಣ ನೋಡಿ ಊಹೆ

ಟ್ಯಾಂಕಿನಲ್ಲಿ ನಿಜವಾಗಿ ಎಷ್ಟಿದೆ ಎಂದು ಮೊದಲು ಒಣ ಕಡ್ಡಿ ಇಳಿಸಿ ಅಳೆಯಿರಿ. ಆ ಅಳತೆಯಿಲ್ಲದೆ ಗೇಜು ಸುಳ್ಳು ಹೇಳುತ್ತಿದೆಯೋ ನಿಜ ಹೇಳುತ್ತಿದೆಯೋ ಗೊತ್ತಾಗುವುದಿಲ್ಲ.

ಓಡಿಸಿದರೂ ಸೊನ್ನೆಯಿಂದ ಕದಲುವುದಿಲ್ಲ: ಪೈಪು ತುಂಡಾಗಿದೆ, ಇಲ್ಲವೇ ಪೂರ್ತಿ ಕಟ್ಟಿಕೊಂಡಿದೆ. ಗೇಜಿನಲ್ಲಿ ದ್ರವವೇ ಇಲ್ಲದಿರಲೂಬಹುದು.

ಓಡುವಾಗ ಸರಿಯಾಗಿರುತ್ತದೆ, ನಿಲ್ಲಿಸಿ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ: ಸಣ್ಣ ಸೋರಿಕೆ. ಹೆಚ್ಚು ಕಾಣುವ ದೋಷ ಇದೇ, ಹೆಚ್ಚು ಸತಾಯಿಸುವುದೂ ಇದೇ.

ಯಾವಾಗಲೂ ಒಂದೇ ಪ್ರಮಾಣದಲ್ಲಿ ಕಡಿಮೆ ಅಥವಾ ಹೆಚ್ಚು: ದ್ರವದ ಮಟ್ಟ ಸೊನ್ನೆ ಗೆರೆಗೆ ಹೊಂದಿಲ್ಲ. ಟ್ಯಾಂಕು ತುಂಬುತ್ತಾ ಹೋದಂತೆ ತಪ್ಪೂ ಬೆಳೆಯುತ್ತಿದ್ದರೆ ದ್ರವದ ಸಾಂದ್ರತೆ ತಪ್ಪಾಗಿದೆ, ಅಥವಾ ಬೇರೆ ಕಾರಿನ ಗೇಜನ್ನು ತಂದು ಹಾಕಲಾಗಿದೆ. ಗೇಜಿನ ಗೆರೆಗಳು ಆಯಾ ಟ್ಯಾಂಕಿನ ಆಳಕ್ಕೆ ತಕ್ಕಂತೆ ಇರುತ್ತವೆ. ಆಳ ಬೇರೆಯಾದ ಟ್ಯಾಂಕಿಗೆ ಜೋಡಿಸಿದರೆ ಎಷ್ಟೇ ಚೆನ್ನಾಗಿರುವ ಗೇಜೂ ತಪ್ಪು ಹೇಳುತ್ತದೆ.

ಅರ್ಧದಷ್ಟೇ ತೋರಿಸುತ್ತದೆ, ಒಮ್ಮೊಮ್ಮೆ ಧಡಕ್ಕನೆ ಜಿಗಿಯುತ್ತದೆ: ಪೈಪಿನೊಳಗೆ ಪೆಟ್ರೋಲ್ ಹನಿ ನಿಂತಿದೆ. ಒಳವ್ಯಾಸ 1.6 ಮಿ.ಮೀ. ಇರುವ ಪೈಪಿನಲ್ಲಿ ಕೇವಲ 0.2 ಮಿ.ಲೀ. ಪೆಟ್ರೋಲ್ 10 ಸೆಂ.ಮೀ. ಉದ್ದಕ್ಕೆ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನತ್ತ ನೇರ ಮೇಲೇರುವ ಭಾಗದಲ್ಲಿ ಅದು ನಿಂತರೆ 20 ಸೆಂ.ಮೀ. ಪೆಟ್ರೋಲಿನ ಒತ್ತಡದಲ್ಲಿ ಅರ್ಧ ಅಲ್ಲೇ ಮುಗಿದುಹೋಗುತ್ತದೆ. ಕೆಲವೇ ಹನಿಗಳು ಅರ್ಧ ಟ್ಯಾಂಕು ನುಂಗುವುದು ಹೀಗೆ.

ಬಿಸಿಲಲ್ಲಿ ನಿಲ್ಲಿಸಿದಾಗ ದ್ರವ ತುದಿಗೆ ಏರಿ ಚೆಲ್ಲುತ್ತದೆ: ಟ್ಯಾಂಕಿನ ಮುಚ್ಚಳದ ಗಾಳಿತೂತು ಮುಚ್ಚಿದೆ. ಅದೇ ತೂತು ಮುಚ್ಚಿದ್ದು ಎಂಜಿನ್ ಪೆಟ್ರೋಲ್ ಎಳೆಯುತ್ತಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಗೇಜು ಸೊನ್ನೆಗೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಎಂಜಿನ್ನೂ ಮುಗ್ಗರಿಸುತ್ತದೆ. ಮುಚ್ಚಳ ಬದಲಿಸಿದ ಕಾರುಗಳಲ್ಲಿ ಇದನ್ನು ಮೊದಲು ನೋಡಬೇಕು. ಹೊರಗಿನಿಂದ ಒಂದೇ ಥರ ಕಾಣುವ, ತೂತೇ ಇಲ್ಲದ ಮುಚ್ಚಳಗಳು ಮಾರುಕಟ್ಟೆಯಲ್ಲಿವೆ.

ಬೇಕಾದ ಸಾಮಾನು, ಬೇಕಾದ ಎಚ್ಚರ

ಹೆಚ್ಚಿನದೆಲ್ಲ ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತದೆ. ಸಲೈನ್ ಹಾಕುವ ಪಾರದರ್ಶಕ ಟ್ಯೂಬು 2 ಮೀಟರ್, ಮೂರು ದಾರಿಯ ಪುಟ್ಟ ಪ್ಲಾಸ್ಟಿಕ್ ನಲ್ಲಿ ಒಂದು, 1 ಮಿ.ಲೀ. ಮತ್ತು 10 ಮಿ.ಲೀ. ಸಿರಿಂಜು ಒಂದೊಂದು. ಸಲೈನ್ ಟ್ಯೂಬಿನ ಒಳವ್ಯಾಸ ಸುಮಾರು 3 ಮಿ.ಮೀ. ಇರುವುದರಿಂದ ಹೊರವ್ಯಾಸ 1/8 ಇಂಚಿನ, ಅಂದರೆ 3.2 ಮಿ.ಮೀ. ತಾಮ್ರದ ಪೈಪಿನ ಮೇಲೆ ಬಿಗಿಯಾಗಿ ಕೂರುತ್ತದೆ. ಜೊತೆಗೆ ಸೈಕಲ್ ಪಂಪು, ನಟ್ಟಿಗೆ ಸರಿಯಾಗಿ ಕೂರುವ ಇಂಚಿನ ಅಳತೆಯ ಸ್ಪ್ಯಾನರ್ ಎರಡು, ಸೋಪಿನ ನೀರು, ಬ್ರಶ್ಶು, ಚಿನ್ನ ತೂಗುವಂಥ ಸಣ್ಣ ತಕ್ಕಡಿ.

ಒಂದು ಹಲಗೆಗೆ ಸಲೈನ್ ಟ್ಯೂಬನ್ನು ‘ಯು’ ಆಕಾರದಲ್ಲಿ ಕಟ್ಟಿ, ನಡುವೆ ಸೆಂಟಿಮೀಟರ್ ಪಟ್ಟಿ ಅಂಟಿಸಿ, ಹನಿ ಶಾಯಿ ಬೆರೆಸಿದ ನೀರನ್ನು ಅರ್ಧದವರೆಗೆ ತುಂಬಿ. ಒಂದು ತುದಿ ತೆರೆದಿರಲಿ. ಇನ್ನೊಂದು ತುದಿಯನ್ನು ಮೂರು ದಾರಿಯ ನಲ್ಲಿಗೆ ಸೇರಿಸಿ. ನಲ್ಲಿಯ ಉಳಿದೆರಡು ಬಾಯಿಗಳಲ್ಲಿ ಒಂದಕ್ಕೆ ಸಿರಿಂಜು, ಇನ್ನೊಂದಕ್ಕೆ ಪರೀಕ್ಷಿಸಬೇಕಾದ ಭಾಗ. ಇದೇ ನಿಮ್ಮ ಒತ್ತಡಮಾಪಕ. ಎರಡು ಕೈಗಳ ನೀರಿನ ಮಟ್ಟದ ವ್ಯತ್ಯಾಸ 15 ಸೆಂ.ಮೀ. ಆದರೆ ಗೇಜು ತನ್ನ ಜೀವನದಲ್ಲಿ ಕಾಣುವ ಪೂರ್ತಿ ಒತ್ತಡ ಬಂತು. ಅದಕ್ಕಿಂತ ಹೆಚ್ಚು ಯಾವಾಗಲೂ ಬೇಡ.

ಕೆಂಪು ದ್ರವ ವಿಷ. ಅದರ ಆವಿಯೂ, ಚರ್ಮಕ್ಕೆ ತಗುಲಿದ್ದೂ ಯಕೃತ್ತಿಗೆ ಹಾನಿ ಮಾಡುತ್ತದೆ. ಬಯಲಿನಲ್ಲಿ, ಕೈಗವಸು ಕನ್ನಡಕ ಹಾಕಿಕೊಂಡು ಕೆಲಸ ಮಾಡಿ; ಗವಸಿನ ಮೇಲೆ ಚೆಲ್ಲಿದರೆ ತಕ್ಷಣ ಬದಲಿಸಿ. ಬಣ್ಣವನ್ನೂ ರಬ್ಬರನ್ನೂ ಅದು ಮೆತ್ತಗೆ ಮಾಡುವುದರಿಂದ ಡ್ಯಾಶ್‌ಬೋರ್ಡಿನ ಸುತ್ತ ಬಟ್ಟೆ ಹಾಸಿ. ಪೈಪಿಗಾಗಲಿ ಗೇಜಿಗಾಗಲಿ ಬಾಯಿ ಹಚ್ಚಿ ಊದುವುದು, ಹೀರುವುದು ಬೇಡವೇ ಬೇಡ. ಹೀರಿದರೆ ವಿಷ ಬಾಯಿಗೆ ಬರಬಹುದು. ಊದಿದರೆ ಉಸಿರಿನ ತೇವ ಪೈಪಿನಲ್ಲಿ ನಿಲ್ಲುತ್ತದೆ, ಮೇಲಾಗಿ ಸಾಧಾರಣ ಉಸಿರಿನ ಒತ್ತಡವೇ ಗೇಜಿನ ಮಿತಿ ಮೀರುತ್ತದೆ.

ಈ ಫೋರ್ಡುಗಳು 6 ವೋಲ್ಟ್, ಪಾಸಿಟಿವ್ ಅರ್ತಿನವು, ಅಂದರೆ ಬ್ಯಾಟರಿಯ ಪಾಸಿಟಿವ್ ಕಡೆಯೇ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಪೆಟ್ರೋಲ್ ಆವಿ ಇರುವಲ್ಲಿ ಕೆಲಸ ಮಾಡುವ ಮುನ್ನ ಪಾಸಿಟಿವ್ ಕಡೆಯ ಅರ್ತ್ ಪಟ್ಟಿ ಬಿಚ್ಚಿಡಿ. ಹೊಸ ಕಾರಿನ ಅಭ್ಯಾಸದಲ್ಲಿ ನೆಗೆಟಿವ್ ಬಿಚ್ಚಲು ಹೋದರೆ ಸ್ಪ್ಯಾನರ್ ಕಾರಿನ ಮೈಗೆ ತಗುಲಿ ಕಿಡಿ ಹಾರುತ್ತದೆ.

ಕೆಲಸ ಶುರುಮಾಡುವ ದಿನ ಟ್ಯಾಂಕಿನಲ್ಲಿ ಆದಷ್ಟು ಕಡಿಮೆ ಪೆಟ್ರೋಲ್ ಇರಲಿ. ಕಾರಣ ಕೊನೆಯಲ್ಲಿ ತಿಳಿಯುತ್ತದೆ.

ಹಂತ 1: ಗೇಜಿನ ಸೊನ್ನೆ

ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಗೇಜಿನ ಹಿಂಬದಿಯ ಪೈಪಿನ ನಟ್ಟನ್ನು ಒಂದು ಸ್ಪ್ಯಾನರಿನಿಂದ ತಿರುಗಿಸುವಾಗ ಗೇಜಿನ ಹಿತ್ತಾಳೆ ಕುತ್ತಿಗೆಯನ್ನು ಇನ್ನೊಂದರಿಂದ ಹಿಡಿದಿರಬೇಕು. ಒಂದೇ ಸ್ಪ್ಯಾನರಿನಲ್ಲಿ ಬಿಚ್ಚಲು ಹೋದರೆ ಕುತ್ತಿಗೆಯ ಬೆಸುಗೆ ತಿರುಚಿಕೊಂಡು ಬಿರುಕು ಬಿಡುತ್ತದೆ.

ಪೈಪು ಕಳಚಿದ ತಕ್ಷಣ ದ್ರವ ಕೆಳಗಿಳಿಯಬೇಕು. ಗಾಜಿನ ಗೋಡೆಗೆ ಅಂಟಿದ್ದೆಲ್ಲ ಇಳಿಯಲು ಐದು ನಿಮಿಷ ಕೊಡಿ. ಆಮೇಲೆ ಮಟ್ಟ ಸರಿಯಾಗಿ ಸೊನ್ನೆ ಗೆರೆಯ ಮೇಲಿರಬೇಕು. ಕೆಳಗಿದ್ದರೆ ಹಿತ್ತಾಳೆ ನಳಿಕೆಯ ಬಾಯಿಯಿಂದ 1 ಮಿ.ಲೀ. ಸಿರಿಂಜಿನಲ್ಲಿ ಒಂದೊಂದೇ ಹನಿ ಸೇರಿಸಿ, ಪ್ರತಿ ಹನಿಗೂ ಒಂದು ನಿಮಿಷ ಕಾದು ನೋಡಿ. ಮೇಲಿದ್ದರೆ ಬತ್ತಿಯಂತೆ ಹೊಸೆದ ಒತ್ತುಕಾಗದವನ್ನು ಅದೇ ಬಾಯಿಯಿಂದ ಇಳಿಸಿ ಹೀರಿಸಿ ತೆಗೆಯಿರಿ. ಪೈಪು ಕಳಚಿದರೂ ದ್ರವ ಇಳಿಯದೆ ನಿಂತಲ್ಲೇ ನಿಂತರೆ ಗಾಜಿನ ನಳಿಕೆಯ ತುದಿಯ ಗಾಳಿತೂತು ಧೂಳಿನಿಂದ ಮುಚ್ಚಿದೆ. ಸಪೂರ ತಂತಿಯಿಂದ ಮೆಲ್ಲಗೆ ಬಿಡಿಸಿ.

ಹಂತ 2: ಗೇಜಿನ ಹಿಡಿತ

ಒತ್ತಡಮಾಪಕದ ಟ್ಯೂಬನ್ನು ಗೇಜಿನ ಹಿಂಬಾಯಿಗೆ ಜೋಡಿಸಿ. ಸಿರಿಂಜನ್ನು ಬಹಳ ನಿಧಾನವಾಗಿ ಒತ್ತುತ್ತಾ ಕೆಂಪು ದ್ರವವನ್ನು ಮುಕ್ಕಾಲಿಗೆ ಏರಿಸಿ, ಸಿರಿಂಜಿನ ದಾರಿ ಮುಚ್ಚಿ. ಹತ್ತು ನಿಮಿಷ ದ್ರವವೂ ನೀರೂ ಅಲುಗಾಡದೆ ನಿಂತರೆ ಗೇಜಿನಲ್ಲಿ ದೋಷವಿಲ್ಲ, ಇನ್ನದನ್ನು ಮುಟ್ಟುವ ಅಗತ್ಯವಿಲ್ಲ. ಇಳಿದರೆ ಮೊದಲು ನಿಮ್ಮ ಟ್ಯೂಬಿನ ಜೋಡಣೆಯನ್ನೇ ಸಂದೇಹಿಸಿ, ಸರಿಮಾಡಿ ಮತ್ತೆ ನೋಡಿ. ಆಗಲೂ ಇಳಿದರೆ ಸೋರುತ್ತಿರುವುದು ಗೇಜಿನ ಕುತ್ತಿಗೆ ಅಥವಾ ಗಾಜು-ಹಿತ್ತಾಳೆ ಸೇರುವ ಜಾಗ. ಆ ದುರಸ್ತಿಯನ್ನು ಇಂಥ ಗೇಜುಗಳನ್ನೇ ಮಾಡುವವರ ಕೈಗೆ ಕೊಡುವುದು ಒಳ್ಳೆಯದು. ದ್ರವವಿದ್ದ ಗೇಜಿಗೆ ಬೆಸುಗೆಯ ಕಾವು ತಾಗಿಸಿದರೆ ವಿಷದ ಹೊಗೆ ಏಳುತ್ತದೆ.

ದ್ರವದ ಮೇಲೂ ಒಂದು ಕಣ್ಣಿಡಿ. ಬಣ್ಣ ಪೇಲವವಾಗಿದ್ದರೆ ಅಥವಾ ಅಲ್ಲಲ್ಲಿ ತುಂಡಾಗಿ ನಡುವೆ ಗುಳ್ಳೆ ನಿಂತಿದ್ದರೆ ಅದಕ್ಕೆ ಪೆಟ್ರೋಲ್ ಸೇರಿರಬಹುದು. ಎರಡೂ ಒಂದರೊಳಗೊಂದು ಬೆರೆಯುತ್ತವೆ. ಬೆರೆತಾಗ ದ್ರವ ಹಗುರಾಗಿ ರೀಡಿಂಗ್ ಹೆಚ್ಚಾಗುತ್ತದೆ. ಖಾಲಿ ಸಿರಿಂಜನ್ನು ತೂಗಿ, ಸರಿಯಾಗಿ 1 ಮಿ.ಲೀ. ದ್ರವ ಎಳೆದು ಮತ್ತೆ ತೂಗಿ. ವ್ಯತ್ಯಾಸ 2.95 ಗ್ರಾಮಿನ ಆಸುಪಾಸಿನಲ್ಲಿರಬೇಕು. 2.8ಕ್ಕಿಂತ ಕಡಿಮೆ ಬಂದರೆ ಪೂರ್ತಿ ತೆಗೆದು ಹೊಸದು ಹಾಕಿ. ಹಳೆಯ ಗೇಜುಗಳಿಗೆಂದೇ ಬಣ್ಣ ಹಾಕಿದ ದ್ರವ ಪುಟ್ಟ ಬಾಟಲಿಗಳಲ್ಲಿ ಮಾರಾಟಕ್ಕಿದೆ. ಹಾಕುವ ಮುನ್ನ ಅದನ್ನೂ ಇದೇ ರೀತಿ ತೂಗಿ ನೋಡಿ.

ಹಂತ 3: ಪೈಪು

ಸಮಯ ಕೊಡಬೇಕಾದದ್ದು ಇಲ್ಲಿ. ಪೈಪನ್ನು ಟ್ಯಾಂಕಿನ ಕಡೆಯೂ ಕಳಚಿ. ಎರಡೂ ತುದಿ ಬಿಡುವಾಗಿರುವುದನ್ನು ಇನ್ನೊಮ್ಮೆ ಖಾತ್ರಿ ಮಾಡಿಕೊಂಡ ಮೇಲೆಯೇ ಡ್ಯಾಶ್‌ಬೋರ್ಡಿನ ಕಡೆಯಿಂದ ಸೈಕಲ್ ಪಂಪು ಹಚ್ಚಿ. ಗೇಜು ಜೋಡಿಸಿರುವಾಗ ಪಂಪು ಹೊಡೆದರೆ ಒಂದೇ ಏಟಿಗೆ ಕೆಂಪು ದ್ರವವೆಲ್ಲ ಗಾಜಿನ ತುದಿಯಿಂದ ಚಿಮ್ಮುತ್ತದೆ. ಐವತ್ತು ಸಲ ನಿಧಾನವಾಗಿ ಪಂಪು ಮಾಡಿ. ಇನ್ನೊಂದು ತುದಿಗೆ ಬಿಳಿ ಬಟ್ಟೆ ಹಿಡಿದರೆ ಹೊರಬರುವ ಪೆಟ್ರೋಲ್, ನೀರು, ಹಸಿರು ಕಿಲುಬು ಕಾಣುತ್ತದೆ. ಬಟ್ಟೆ ಒಣಗಿಯೇ ಉಳಿಯುವವರೆಗೆ ಮುಂದುವರಿಸಿ. ಗ್ಯಾರೇಜಿನ ಕಂಪ್ರೆಸರ್ ಬಳಸಬೇಡಿ. ಅದರ ಗಾಳಿಯಲ್ಲಿ ನೀರೂ ಎಣ್ಣೆಯೂ ಇರುತ್ತದೆ, ಒಣಗಿಸಲು ಹೊರಟ ಪೈಪನ್ನು ಅದೇ ಒದ್ದೆ ಮಾಡುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರು ಈ ಕೆಲಸವನ್ನು ಮಳೆಗಾಲದ ಆಚೆಗೆ ಇಟ್ಟುಕೊಂಡರೆ ಒಳ್ಳೆಯದು.

ಈಗ ಸೋರಿಕೆ ಪರೀಕ್ಷೆ. ಟ್ಯಾಂಕಿನ ಕಡೆಯ ತುದಿಗೆ ಸಲೈನ್ ಟ್ಯೂಬಿನ ಗಿಡ್ಡ ತುಂಡು ಹಾಕಿ ಮಡಚಿ ಕಟ್ಟಿ. ಮುಂದಿನ ತುದಿಗೆ ಒತ್ತಡಮಾಪಕ ಜೋಡಿಸಿ 15 ಸೆಂ.ಮೀ.ಗೆ ಏರಿಸಿ, ಹದಿನೈದು ನಿಮಿಷ ಬಿಡಿ. ಇದನ್ನು ನೆರಳಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾಡಬೇಕು. ಪೈಪಿನೊಳಗೆ ಇರುವುದು ಸುಮಾರು 7 ಮಿ.ಲೀ. ಗಾಳಿ ಅಷ್ಟೇ. ಅದು ಒಂದು ಡಿಗ್ರಿ ಬಿಸಿಯಾದರೂ ನೀರಿನ ಮಟ್ಟ ಕೆಲವು ಮಿಲಿಮೀಟರ್ ಸರಿಯುತ್ತದೆ. ಪೈಪನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದರೆ ಸೋರುವ ಪೈಪೂ ಗಟ್ಟಿಯೆಂದು ಕಾಣಬಹುದು. ಸೆಂಟಿಮೀಟರ್‌ಗಟ್ಟಲೆ ಇಳಿಯುತ್ತಾ ಹೋದರೆ ಮಾತ್ರ ಸೋರಿಕೆ ಖಚಿತ.

ಜಾಗ ಹುಡುಕಲು ಇಷ್ಟು ಕಡಿಮೆ ಒತ್ತಡದಲ್ಲಿ ಸೋಪಿನ ಗುಳ್ಳೆ ಏಳುವುದು ಕಷ್ಟ. ಎರಡೂ ತುದಿ ಕಳಚಿರುವುದರಿಂದ ಈಗ 5 ಪಿಎಸ್‌ಐವರೆಗೆ ಸೈಕಲ್ ಪಂಪಿನಿಂದ ಏರಿಸಬಹುದು. ಸೋಪಿನ ನೀರನ್ನು ಬ್ರಶ್ಶಿನಿಂದ ಹಚ್ಚುತ್ತಾ ಟ್ಯಾಂಕಿನ ಕಡೆಯಿಂದ ಮುಂದಕ್ಕೆ ಬನ್ನಿ. ಪೈಪು ಚೇಸಿಸ್ಸಿಗೆ ಉಜ್ಜುವ ಕಡೆ, ಕ್ಲಿಪ್ಪಿನ ಅಡಿ, ಟ್ಯಾಂಕಿನ ಮೇಲೆ ಬಾಗುವ ಮೂಲೆ, ಎರಡು ತುದಿಯ ನಟ್ಟಿನೊಳಗಿನ ಉಂಗುರ ಇವನ್ನು ಚೆನ್ನಾಗಿ ನೋಡಿ. ನಟ್ಟನ್ನು ಹಿಂದಕ್ಕೆ ಸರಿಸಿ ಭೂತಗನ್ನಡಿ ಹಿಡಿದರೆ ಕೆಲವೊಮ್ಮೆ ಉಂಗುರದ ಅಂಚಿಗೆ ಅಂಟಿಕೊಂಡೇ ತಾಮ್ರದ ಸುತ್ತ ಕೂದಲಿನಂಥ ಕಪ್ಪು ಗೆರೆ ಕಾಣುತ್ತದೆ. ವರ್ಷಗಟ್ಟಲೆ ನಡುಗಿ ನಡುಗಿ ತಾಮ್ರ ಗಡುಸಾಗಿ ಬಿಟ್ಟ ಬಿರುಕು ಅದು. ನಟ್ಟನ್ನು ಎಷ್ಟು ಬಿಗಿದರೂ ಅದು ಮುಚ್ಚುವುದಿಲ್ಲ, ಇನ್ನಷ್ಟು ಬಾಯಿಬಿಡುತ್ತದೆ.

ಬಿರುಕು ತುದಿಯಲ್ಲೇ ಇದ್ದು ಪೈಪಿಗೆ ಉದ್ದ ಮಿಕ್ಕಿದ್ದರೆ ಅಷ್ಟನ್ನು ಕತ್ತರಿಸಿ ಹೊಸ ಉಂಗುರ ಹಾಕಬಹುದು. ನಡುವೆ ಇದ್ದರೆ ಪೈಪನ್ನೇ ಬದಲಿಸಿ. ನಡುವೆ ಜೋಡು ಹಾಕಿದ ಪೈಪು ಒಂದಲ್ಲ ಒಂದು ದಿನ ಅಲ್ಲೇ ಸೋರುತ್ತದೆ. ಹೊಸ ಪೈಪು ಮೆದು ತಾಮ್ರದ್ದಾಗಿರಲಿ, ಹೊರವ್ಯಾಸ 1/8 ಇಂಚು, ಒಳವ್ಯಾಸ 1.6 ಮಿ.ಮೀ. ಹತ್ತಿರ. ಫ್ರಿಜ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಕ್ಯಾಪಿಲರಿ ಪೈಪುಗಳಲ್ಲಿ ಕೆಲವಕ್ಕೆ ಒಳವ್ಯಾಸ 0.8 ಮಿ.ಮೀ. ಮಾತ್ರ. ಅದು ಒಂದೇ ಹನಿಗೆ ಕಟ್ಟಿಕೊಳ್ಳುತ್ತದೆ, ಬೇಡ. ಉದ್ದವನ್ನು ಹಳೆಯ ಪೈಪಿನಿಂದಲೇ ಅಳೆಯಿರಿ. 1932ರ ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರ 106 ಇಂಚು, 1933 ಮತ್ತು 1934ರದ್ದು 112 ಇಂಚು. ವಿದೇಶದಿಂದ ತರಿಸುವ ಸಿದ್ಧ ಪೈಪುಗಳು ಎಡಗಡೆ ಸ್ಟಿಯರಿಂಗಿನ ಕಾರಿನ ಅಳತೆಗಿರಬಹುದು, ನಮ್ಮ ಬಲಗಡೆ ಸ್ಟಿಯರಿಂಗಿನ ಕಾರಿಗೆ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹಾಕುವಾಗ ಪೈಪು ಎಲ್ಲೂ ತೊಟ್ಟಿಲಂತೆ ಜೋತು ಬೀಳಬಾರದು. ತಗ್ಗಿದ್ದಲ್ಲಿ ಹನಿ ನಿಲ್ಲುತ್ತದೆ. ಸೈಲೆನ್ಸರಿನಿಂದ ಒಂದು ಗೇಣಾದರೂ ದೂರವಿರಲಿ. ಬಾಗಿಸಬೇಕಾದ ಕಡೆ ಐದು ಸೆಂಟಿಮೀಟರ್ ದಪ್ಪದ ಗೂಟವೊಂದರ ಸುತ್ತ ಬಾಗಿಸಿದರೆ ಮಡಿಕೆ ಬೀಳುವುದಿಲ್ಲ. ಕ್ಲಿಪ್ಪಿನ ಅಡಿ ತೆಳು ರಬ್ಬರ್ ಪಟ್ಟಿ ಕೊಡಿ. ಹಾಕಿದ ಮೇಲೆ ಅದೇ ಸೋರಿಕೆ ಪರೀಕ್ಷೆಯನ್ನು ಮತ್ತೆ ಮಾಡಿ. ಹೊಸದೆಂಬ ನಂಬಿಕೆಯಲ್ಲಿ ಇದನ್ನು ಬಿಟ್ಟವರೇ ಎರಡನೇ ಸಲ ಕಾರಿನ ಅಡಿ ಮಲಗುವವರು.

ಹಂತ 4: ಟ್ಯಾಂಕಿನ ಘಟಕ

ಗೇಜೂ ಪೈಪೂ ಗಟ್ಟಿಯೆಂದು ಖಚಿತವಾದ ಮೇಲೆಯೇ ಇದನ್ನು ಬಿಚ್ಚಿ. ಸುತ್ತಲಿನ ಮಣ್ಣು ಧೂಳನ್ನು ಮೊದಲು ಒರೆಸಿ. ಸ್ಕ್ರೂಗಳು ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ಎಣ್ಣೆ ಬಿಡಿ. ಘಟಕವನ್ನು ನೇರವಾಗಿ ಮೇಲಕ್ಕೆತ್ತಿ. ಓರೆಯಾಗಿ ಎಳೆದರೆ ಬಟ್ಟಲು ಟ್ಯಾಂಕಿನ ಬಾಯಿಗೆ ಸಿಕ್ಕಿ ಸಣ್ಣ ಕೊಳವೆ ಬಾಗುತ್ತದೆ.

ಬಟ್ಟಲಿನ ಅಂಚಿನಲ್ಲಿ, ಗಾಳಿ ಇಳಿಸುವ ಸಣ್ಣ ಕೊಳವೆಯಲ್ಲಿ, ಮೇಲಿನ ಕಪ್ಪಿನಲ್ಲಿ ಅರಗಿನಂಥ ಕಂದು ಜಿಡ್ಡೂ ತುಕ್ಕಿನ ಪುಡಿಯೂ ತುಂಬಿರುತ್ತದೆ. ಕಾರ್ಬ್ಯುರೇಟರ್ ತೊಳೆಯುವ ದ್ರವದಲ್ಲಿ ರಾತ್ರಿಯಿಡೀ ನೆನೆಸಿ, ಕೊಳವೆಗೆ ಮೆದು ತಾಮ್ರದ ಎಳೆ ತೂರಿಸಿ ಬಿಡಿಸಿ. ಉಕ್ಕಿನ ತಂತಿ ಒಳಗೋಡೆಯನ್ನು ಕೆರೆಯುತ್ತದೆ. ಕಪ್ಪಿನ ಕೊಳವೆ ಕಟ್ಟಿಕೊಂಡಿದ್ದರೆ ಗಾಳಿ ಮರುಪೂರಣವೇ ಆಗುವುದಿಲ್ಲ. ಅಂಥ ಕಾರಿನಲ್ಲಿ ಎಲ್ಲೂ ಸೋರಿಕೆ ಇಲ್ಲದಿದ್ದರೂ ರೀಡಿಂಗ್ ದಿನದಿಂದ ದಿನಕ್ಕೆ ಕುಸಿಯುತ್ತದೆ.

ತೊಳೆದು ಒಣಗಿಸಿದ ಘಟಕವನ್ನು ಬಕೆಟ್ ನೀರಿನಲ್ಲಿ ಪರೀಕ್ಷಿಸಿ. ಪೈಪು ಸೇರುವ ಬಾಯಿಗೆ ಒತ್ತಡಮಾಪಕ ಜೋಡಿಸಿ, ಬಟ್ಟಲನ್ನು ನೇರವಾಗಿ ಮುಳುಗಿಸಿ. ಬಟ್ಟಲಿನ ಅಂಚು 15 ಸೆಂ.ಮೀ. ಆಳದಲ್ಲಿದ್ದರೆ ಮಾಪಕವೂ 15 ಸೆಂ.ಮೀ.ಗೆ ಬಹಳ ಹತ್ತಿರ ತೋರಿಸಬೇಕು. ಹಾಗೆಯೇ ಒಂದು ಗಂಟೆ ಬಿಡಿ. ಇಳಿದರೆ ಬಟ್ಟಲಿನಲ್ಲಿ ಸೂಜಿಮೊನೆಯಷ್ಟು ತೂತಿದೆ. ಗುಳ್ಳೆ ಎಲ್ಲಿಂದ ಏಳುತ್ತದೆ ನೋಡಿ ಗುರುತು ಮಾಡಿ. ಬಿಸಿನೀರು, ಸೋಪಿನಲ್ಲಿ ಪೆಟ್ರೋಲ್ ವಾಸನೆ ಹೋಗುವವರೆಗೆ ತೊಳೆದ ಮೇಲೆ ಸೀಸದ ಬೆಸುಗೆ ಹಾಕಬಹುದು. ಘಟಕಕ್ಕೆ ಮಾತ್ರ ಈ ಮಾತು. ಪೆಟ್ರೋಲ್ ಟ್ಯಾಂಕಿನ ಹತ್ತಿರ ಬೆಂಕಿ ಯಾವ ಕಾರಣಕ್ಕೂ ಬೇಡ, ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ.

ಶೇ 20 ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಗೇಜಿನ ಲೆಕ್ಕವನ್ನು ಹೆಚ್ಚು ಕೆಡಿಸುವುದಿಲ್ಲ. ಸಾಂದ್ರತೆಯ ವ್ಯತ್ಯಾಸ ಶೇ 1ರಿಂದ 2. ಕೆಡುಕು ಬೇರೆ ಕಡೆ ಇದೆ. ಎಥನಾಲ್ ಹಳೆಯ ಜಿಡ್ಡನ್ನು ಕರಗಿಸಿ ಕೊಳವೆಗೆ ತಂದು ತುಂಬುತ್ತದೆ, ತೇವ ಹೀರಿಕೊಳ್ಳುತ್ತದೆ, ನಿಂತ ಕಾರಿನಲ್ಲಿ ನೀರಿನ ಜೊತೆ ಬೇರ್ಪಟ್ಟು ಬಟ್ಟಲಿರುವ ತಳಕ್ಕೇ ಇಳಿಯುತ್ತದೆ. ಹಳೆಯ ಕಾರ್ಕ್ ಗ್ಯಾಸ್ಕೆಟ್ಟಿನ ಬದಲು ನೈಟ್ರೈಲ್ ರಬ್ಬರ್ ಬೆರೆತ ಕಾರ್ಕ್ ಹಾಳೆಯಿಂದ ಕತ್ತರಿಸಿದ್ದನ್ನು ಹಾಕಿ. ಅರಗಿನಂಥ ಹಳೆಯ ಅಂಟನ್ನು ಹಚ್ಚಬೇಡಿ, ಎಥನಾಲಿಗೆ ಅದು ನಿಲ್ಲುವುದಿಲ್ಲ.

ಹಂತ 5: ಮರುಜೋಡಣೆ

ಟ್ಯಾಂಕಿನಲ್ಲಿ ಪೆಟ್ರೋಲ್ ಇರುವಾಗ, ಪೈಪಿನ ಮುಂದಿನ ತುದಿ ತೆರೆದಿದ್ದರೆ ಬಟ್ಟಲಿನಲ್ಲಿದ್ದ ಗಾಳಿಯೆಲ್ಲ ಹೊರಟುಹೋಗಿ ಪೆಟ್ರೋಲ್ ತುಂಬಿಕೊಳ್ಳುತ್ತದೆ. ಆಮೇಲೆ ಗೇಜು ಜೋಡಿಸಿದರೆ ಎಲ್ಲ ಸರಿಯಾಗಿದ್ದೂ ಅದು ತೋರಿಸುವುದು ಸೊನ್ನೆ. ದುರಸ್ತಿ ವಿಫಲವಾಯಿತೆಂದು ಮತ್ತೆ ಬಿಚ್ಚುವವರು ಇಲ್ಲೇ ಮೋಸಹೋಗುತ್ತಾರೆ. ಟ್ಯಾಂಕು ಬಹುತೇಕ ಖಾಲಿ ಇರಲಿ ಎಂದದ್ದು ಇದಕ್ಕೇ. ಘಟಕ ಕೂರಿಸಿ, ಪೈಪನ್ನು ಮೊದಲು ಟ್ಯಾಂಕಿನ ಕಡೆ, ಆಮೇಲೆ ಗೇಜಿನ ಕಡೆ ಬಿಗಿಯಿರಿ. ಎರಡೂ ಕಡೆ ಎರಡು ಸ್ಪ್ಯಾನರ್ ಬಳಸಿ, ಕೈಬಿಗಿಯ ಮೇಲೆ ಕಾಲು ಸುತ್ತು ಸಾಕು. ಆಮೇಲೆ ಪೆಟ್ರೋಲ್ ಹಾಕಿ. ಬಟ್ಟಲಿನೊಳಗೆ ಗಾಳಿ ಸಿಕ್ಕಿಕೊಳ್ಳುತ್ತಲೇ ಕೆಂಪು ದ್ರವ ನಿಮ್ಮ ಕಣ್ಣೆದುರೇ ಏರತೊಡಗುತ್ತದೆ.

ಈ ಟ್ಯಾಂಕಿನ ಅಳತೆ 14 ಅಮೆರಿಕನ್ ಗ್ಯಾಲನ್, ಸುಮಾರು 53 ಲೀಟರ್. ಐದೈದು ಲೀಟರ್ ಹಾಕುತ್ತಾ ಪ್ರತಿ ಸಲವೂ ಕಡ್ಡಿ ಇಳಿಸಿ ಗೆರೆ ಗೀಚಿ, ಗೇಜಿನ ರೀಡಿಂಗನ್ನೂ ಬರೆದಿಡಿ. ಹಾಕಿದ ಕೂಡಲೇ ರೀಡಿಂಗ್ ಸ್ವಲ್ಪ ಕಡಿಮೆ ಇದ್ದರೆ ಹತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ.

ಕಾರು ಸಂಜೆ ತೋರಿಸಿದ್ದಕ್ಕಿಂತ ಬೆಳಿಗ್ಗೆ ಒಂದಿಷ್ಟು ಕಡಿಮೆ ತೋರಿಸುವುದು ದೋಷವಲ್ಲ. 45 ಡಿಗ್ರಿಯಲ್ಲಿದ್ದ ಗಾಳಿ 25 ಡಿಗ್ರಿಗೆ ತಣಿದರೆ ಶೇ 6ರಷ್ಟು ಕುಗ್ಗುತ್ತದೆ, ಅಷ್ಟು ಪೆಟ್ರೋಲ್ ಬಟ್ಟಲಿನೊಳಗೆ ಏರುತ್ತದೆ. ಘಟ್ಟ ಇಳಿಯುವಾಗಲೂ ಹೀಗೇ. ಚಾರ್ಮಾಡಿಯಂಥ ಘಾಟಿಯಲ್ಲಿ 800 ಮೀಟರ್ ಕೆಳಗಿಳಿದರೆ ಹೊರಗಾಳಿಯ ಒತ್ತಡ ಹೆಚ್ಚುಕಡಿಮೆ ಶೇ 10 ಏರಿ ಪೈಪಿನ ಗಾಳಿ ಅಷ್ಟೇ ಕುಗ್ಗುತ್ತದೆ, ರೀಡಿಂಗ್ ತುಸು ಇಳಿಯುತ್ತದೆ. ಹತ್ತುವಾಗ ಹಿಗ್ಗಿದ ಗಾಳಿ ಬಟ್ಟಲಿನ ಅಂಚಿನಿಂದ ಹೊರಬೀಳುವುದರಿಂದ ಏನೂ ತೋರುವುದಿಲ್ಲ. ಇಳಿದ ಮೇಲೆ ಸಮತಟ್ಟು ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಕುಲುಕಾಡಿದರೆ ಗಾಳಿ ಮರುಪೂರಣಗೊಂಡು ದ್ರವ ತನ್ನ ಮಟ್ಟಕ್ಕೆ ಬರುತ್ತದೆ. ಅಲ್ಲಿಯವರೆಗೆ ಗೆರೆ ಗೀಚಿದ ಆ ಕಡ್ಡಿ ಸೀಟಿನ ಕೆಳಗಿರಲಿ.